ಊರಿನ ನೆಲ, ಊರಿನ ನೀರು, ದುಡಿಯುವವರ ಪಾಲು

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯಕಾರಿ ಮಂಡಳಿಯವರು ನಮಗೆ ಗೊತ್ತುಮಾಡಿಕೊಟ್ಟ ವಿಷಯ 'ನಗರ ರಚನೆಯೂ ಸಾಮಾಜಿಕ ನ್ಯಾಯವೂ' ಎಂಬುದು. ಹೆಸರು ಕೇಳಿದೊಡನೆ, ಇದು ಎಂಜಿನಿಯರರ ಮಾತು, ನಕ್ಷೆ ಬರೆಯುವವರ ಮಾತು. ಗೌಂಡಿಗಳಿಗೆ, ಹಮಾಲರಿಗೆ, ಕಾರಖಾನೆಯವರಿಗೆ ಇದರಲ್ಲೇನು ಕೆಲಸ ಎಂದು ಕೆಲವರಿಗೆ ತೋರಬಹುದು. ಆದರೆ ಪುಣೆಯ ಗೋಡೆಗಳನ್ನು ಎತ್ತಿದವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ, ರಾಯಚೂರು ಕಡೆಯವರು ಎಷ್ಟೋ ಮಂದಿ ಇದ್ದಾರೆ. ಗೋಡೆ ಎತ್ತಿದವರು ರಾತ್ರಿ ಎಲ್ಲಿ ಮಲಗಬೇಕು, ಅವರ ಬಾಗಿಲಿಗೆ ಬರತಕ್ಕದ್ದು ಕುಡಿಯುವ ನೀರೋ ಮಹಾಪೂರದ ನೀರೋ ಎಂಬುದನ್ನು ನಗರದ ನಕ್ಷೆಯೇ ನಿಶ್ಚಯಿಸುತ್ತದೆ. ಆದಕಾರಣ ಕೂಲಿಯ ದರ ನಮಗೆ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಮೊದಲು ಈ ಊರಿನ ನೀರಿನ ಸಂಗತಿಯನ್ನು ನೋಡೋಣ. ಹದಿನೆಂಟನೆಯ ಶತಮಾನದ ನಡುವಿನಲ್ಲಿ, ಪೇಶ್ವೆ ನಾನಾಸಾಹೇಬರ ಕಾಲದಲ್ಲಿ, ಕಾತ್ರಜದ ಕೆರೆಯಿಂದ ನೆಲದೊಳಗೆ ಕಟ್ಟಿದ ಕಾಲುವೆಯ ಮೂಲಕ ಶನಿವಾರವಾಡೆಗೂ ಪೇಟೆಯ ಹೌದುಗಳಿಗೂ ನೀರು ತಂದರು. ಊರೊಳಗೆ ಹರಿಯುತ್ತಿದ್ದ ಆಂಬಿಲ್ ಓಢೆಯನ್ನು ಬೇರೆ ದಾರಿಗೆ ತಿರುಗಿಸಿದರು. ಇಲ್ಲಿಯವರು ಓಢಾ ಎನ್ನುವುದನ್ನು ನಮ್ಮ ಕಡೆ ಹಳ್ಳ ಎನ್ನುತ್ತೇವೆ. ಪರ್ವತಿಯ ಬುಡದಲ್ಲಿ ಕೆರೆ ಕಟ್ಟಿಸಿದರು. ಆ ಕೆರೆಯ ಜಾಗವೇ ಇಂದಿನ ಸಾರಸಬಾಗ್. ಹಳ್ಳ ಸರಿದ ನೆಲದ ಮೇಲೆ ಪೇಟೆಗಳು ಬೆಳೆದವು. ಅಂದರೆ ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹರಿಸಬೇಕು ಎಂದು ತೀರ್ಮಾನಿಸಿದ ಮೇಲೆಯೇ ಈ ಊರಿನಲ್ಲಿ ಯಾರು ಎಲ್ಲಿ ಇರಬೇಕೆಂಬುದೂ ತೀರ್ಮಾನವಾಯಿತು.

ನೀರು ಊರಿಗೆ ಬಂದಿತು, ಎಲ್ಲರಿಗೂ ಬರಲಿಲ್ಲ. 'ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ' ಎಂದು ನಮ್ಮಲ್ಲಿ ಗಾದೆಯಿದೆ. ಆದರೆ ಊರಿನಲ್ಲಿಯೇ ಹುಟ್ಟಿ ಊರಿನ ಕೆಲಸ ಮಾಡಿದವರೂ ನೀರಿಗೆ ಬರಲಾಗದ ಕಾಲ ಒಂದಿತ್ತು. 1868ರಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆಯವರು ತಮ್ಮ ಮನೆಯ ಹೌದನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದರು. 1972ರಲ್ಲಿ, ಈ ಊರಿನ ಹಮಾಲರ ಪಂಚಾಯತಿಯನ್ನು ಕಟ್ಟಿದ ಡಾ. ಬಾಬಾ ಆಢಾವ ಅವರು 'ಒಂದು ಊರು, ಒಂದು ನೀರಿನ ಜಾಗ' ಎಂಬ ಚಳವಳಿಯನ್ನು ಆರಂಭಿಸಿದರು. ಪುಸ್ತಕಗಳಲ್ಲಿ ಸ್ಥಳದ ನ್ಯಾಯ ಎಂಬ ಮಾತು ಬರುವುದಕ್ಕೆ ಬಹಳ ಮುಂಚೆಯೇ ಪುಣೆಯಲ್ಲಿ ಅದು ಒಂದು ಹೌದಿನ ಅಂಚಿನಲ್ಲಿ ನಡೆದುಹೋಗಿತ್ತು ಎನ್ನಬೇಕು.

ಇನ್ನು ಪಂಡಿತರು ಹೇಳುವುದನ್ನು ಸ್ವಲ್ಪ ಕೇಳೋಣ. ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು 1914ರಲ್ಲಿ ಭಾರತಕ್ಕೆ ಬಂದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ನಮ್ಮ ಬಳ್ಳಾರಿಯೂ ಸೇರಿದಂತೆ ಅನೇಕ ಊರುಗಳ ಬಗ್ಗೆ ವರದಿ ಬರೆದರು. ಒಳ್ಳೆಯ ವೈದ್ಯನು ಕೈ ಕಡಿಯುವ ಮೊದಲು ನಾಡಿ ಹಿಡಿಯುವಂತೆ, ನಗರವನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿರಿ. ಕೆಟ್ಟದ್ದನ್ನಷ್ಟೇ ತೆಗೆಯಿರಿ, ಉಳಿದ ಮನೆ, ಮರ, ಕೆರೆಗಳನ್ನು ಇದ್ದಲ್ಲಿಯೇ ಉಳಿಸಿರಿ ಎಂಬುದು ಅವರ ಉಪದೇಶದ ಸಾರ. 1969ರಲ್ಲಿ ಅಮೇರಿಕೆಯ ಇಯಾನ್ ಮೆಕ್‌ಹಾರ್ಗ್ ಎಂಬವರು, ನದಿಯ ಪೂರದ ಬಯಲು, ಗುಡ್ಡದ ಇಳಿಜಾರು, ನೀರು ಇಂಗುವ ನೆಲ ಇವನ್ನು ನಕ್ಷೆಯಲ್ಲಿ ಗುರುತಿಸಿ ಬಿಟ್ಟು, ಮಿಕ್ಕ ನೆಲದಲ್ಲಿ ಕಟ್ಟಿರಿ ಎಂದರು. ಅದಕ್ಕೆ ಒಂದು ವರ್ಷ ಮುಂಚೆ ಫ್ರಾನ್ಸಿನ ಆನ್ರಿ ಲಫೆವ್ರ್ ಅವರು ನಗರದ ಮೇಲೆ ಅಲ್ಲಿ ಬಾಳುವವರಿಗೆ ಹಕ್ಕಿದೆ ಎಂದು ಬರೆದಿದ್ದರು. 1973ರಲ್ಲಿ ಡೇವಿಡ್ ಹಾರ್ವೆಯವರು ಇನ್ನೊಂದು ಮಾತು ಸೇರಿಸಿದರು: ಮನುಷ್ಯನ ಬಡತನವನ್ನು ಅವನ ಪಗಾರಿನಿಂದ ಮಾತ್ರ ಅಳೆಯಲಾಗದು, ಕೆಲಸದ ಸ್ಥಳ, ಶಾಲೆ, ಆಸ್ಪತ್ರೆ ಅವನ ಮನೆಯಿಂದ ಎಷ್ಟು ದೂರ, ಗಟಾರ ಎಷ್ಟು ಹತ್ತಿರ ಎಂಬುದೂ ಅವನ ಗಳಿಕೆಗೆ ಕೂಡುತ್ತದೆ ಅಥವಾ ಅದರಿಂದ ಕಳೆಯುತ್ತದೆ.

ಇಲ್ಲಿ ಎರಡು ವಿಚಾರಗಳಿವೆ. ಒಂದು, ಪ್ರಕೃತಿಯ ಜಾಗವನ್ನು ಪ್ರಕೃತಿಗೆ ಬಿಡಿರಿ ಎಂಬುದು. ಇನ್ನೊಂದು, ಬಡವನಿಗೆ ನಗರದಲ್ಲಿ ಜಾಗ ಕೊಡಿರಿ ಎಂಬುದು. ಎರಡೂ ಸತ್ಯವೇ. ಆದರೆ ನಮ್ಮ ನಗರಗಳಲ್ಲಿ ಇವುಗಳ ಗತಿ 'ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು' ಎಂಬಂತಾಗಿದೆ. ಒಂದೇ ನೊಗಕ್ಕೆ ಎರಡನ್ನೂ ಹೂಡಿ, ಒಂದೇ ದಿಕ್ಕಿಗೆ ನಡೆಯಿಸುವುದು ಹೇಗೆ ಎಂಬುದೇ ಇಂದಿನ ನಮ್ಮ ಪ್ರಶ್ನೆ.

1961ರ ಜುಲೈ 12ರಂದು ಪಾನಶೇತದ ಅಣೆಕಟ್ಟು ಒಡೆಯಿತು. ಅದರ ಹೊಡೆತಕ್ಕೆ ಖಡಕವಾಸ್ಲಾದ ಹಳೆಯ ಕಟ್ಟೆಯೂ ಒಡೆದು ಮುಠಾ ನದಿ ಊರೊಳಗೆ ನುಗ್ಗಿತು. ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರದಂಥ ವಸತಿಗಳು ಎತ್ತರದ ನೆಲದಲ್ಲಿ ಎದ್ದವು. ನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ಈ ಊರು ಅಂದೇ ಕಂಡಿತ್ತು. ಆಮೇಲೆ ನೀರಾವರಿ ಇಲಾಖೆಯವರು ನದಿಯ ದಂಡೆಗೆ ನೀಲಿ ಗೆರೆ, ಕೆಂಪು ಗೆರೆ ಎಂದು ಎರಡು ಗೆರೆಗಳನ್ನು ಎಳೆದರು. ನೀಲಿ ಗೆರೆಯೆಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮಟ್ಟ. ಕೆಂಪು ಗೆರೆಯೆಂದರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. ಪುಣೆಯ ಮುಠೆಗೆ ಈ ಲೆಕ್ಕ 60 ಸಾವಿರ ಮತ್ತು 1 ಲಕ್ಷ ಕ್ಯೂಸೆಕ್ಸ್, ಅಂದರೆ ಒಂದು ಸೆಕೆಂಡಿಗೆ ಅಷ್ಟು ಘನ ಅಡಿ ನೀರು.

ಈಗ 2024ರ ಜುಲೈ 25ರ ಸಂಗತಿ ನೋಡಿರಿ. ಖಡಕವಾಸ್ಲಾದಿಂದ ಬಿಟ್ಟ ನೀರು ಸುಮಾರು 35 ಸಾವಿರ ಕ್ಯೂಸೆಕ್ಸ್ ಎಂದು ಲೆಕ್ಕ. ನೀಲಿ ಗೆರೆಯ ಪೂರಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದರೂ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ತಿಂಡಿಯ ಕೈಗಾಡಿಯನ್ನು ನೀರಿನಿಂದ ಪಾರುಮಾಡಲು ಹೋದ ಮೂವರು ಯುವಕರು ವಿದ್ಯುತ್ತಿನ ಆಘಾತದಿಂದ ತೀರಿಕೊಂಡರು. ನೀರು ಜಾತಿ ನೋಡಲಿಲ್ಲ, ಅಂತಸ್ತು ನೋಡಲಿಲ್ಲ. ಸೊಸೈಟಿಯ ಮನೆಗೂ ಬಂತು, ವಾಡಿಯ ಮನೆಗೂ ಬಂತು. ಆದರೆ ಒಂದು ಕೈಗಾಡಿ ಹೋದರೆ ನಾಳೆಯ ಅನ್ನವೇ ಹೋಗುವವನು ನೀರಿಗೆ ಇಳಿಯಲೇಬೇಕಾಗುತ್ತದೆ. ಒಂದೇ ಪೂರದಲ್ಲಿ ನಷ್ಟದ ಪಾಲು ಬೇರೆ ಬೇರೆಯಾಗುವುದು ಹೀಗೆ.

ಹಳ್ಳದ ಸಂಗತಿಯೂ ಇಂಥದೇ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢೆ ಉಕ್ಕಿ, ಅರಣ್ಯೇಶ್ವರ, ಸಹಕಾರನಗರದ ಕಡೆ ಮನೆಗಳೊಳಗೆ ನುಗ್ಗಿತು. ಆ ರಾತ್ರಿ ಪುಣೆಯಲ್ಲಿ ಹಲವರು ಜೀವ ಕಳೆದುಕೊಂಡರು. ಮೇಲೆ ಕಾತ್ರಜದ ಗುಡ್ಡಗಳ ಇಳಿಜಾರಿನಲ್ಲಿ ಮಣ್ಣು ಅಗೆದು ಕಟ್ಟಡ ಕಟ್ಟಿದರೆ, ನಡುವೆ ಹಳ್ಳವನ್ನು ಗೋಡೆಗಳಿಂದ ಇಕ್ಕಟ್ಟು ಮಾಡಿದರೆ, ಕೆಳಗಿದ್ದವನ ಮನೆಗೆ ನೀರು ಬರದೆ ಇನ್ನೆಲ್ಲಿಗೆ ಹೋದೀತು? ಇದಾದ ಮೇಲೆ 2021ರ ಜೂನ್ 24ರಂದು, ಮಳೆಗಾಲದ ದಿನಗಳಲ್ಲಿಯೇ, ದಾಂಡೇಕರ ಪೂಲಿನ ಬಳಿ ಇದೇ ಓಢೆಯ ಅಂಚಿನ ಗುಡಿಸಲುಗಳನ್ನು ಕೆಡವತೊಡಗಿದರು. ನ್ಯಾಯಾಲಯ ತಡೆಯಾಜ್ಞೆ ಕೊಡಬೇಕಾಯಿತು. ಹಳ್ಳವನ್ನು ಅಗಲಮಾಡುವುದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಮೇಲಿನ ಗುಡ್ಡ ಕಡಿದವನನ್ನು ಕೇಳದೆ, ಕೆಳಗಿನ ಗುಡಿಸಲಿಗೆ ಮೊದಲು ಗುದ್ದಲಿ ಹಾಕುವುದು ಯಾವ ನ್ಯಾಯ?

ಕಟ್ಟಡದ ಕೂಲಿಕಾರರ ದುರವಸ್ಥೆ ಇದಕ್ಕಿಂತ ಹೆಚ್ಚಿನದು. 2019ರ ಜೂನ್ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಕೊಂಢವೆಯಲ್ಲಿ ಒಂದು ವಸತಿ ಸಂಕೀರ್ಣದ ಆವರಣ ಗೋಡೆ ಪಕ್ಕದ ಕೂಲಿಕಾರರ ತಗಡಿನ ಶೆಡ್ಡುಗಳ ಮೇಲೆ ಬಿದ್ದು, ಮಕ್ಕಳೂ ಸೇರಿ 15 ಮಂದಿ ಸತ್ತರು. ಮೂರು ದಿನಗಳೊಳಗೆ ಆಂಬೇಗಾವಿನಲ್ಲಿ ಮತ್ತೊಂದು ಗೋಡೆ ಬಿದ್ದು 6 ಮಂದಿ ಸತ್ತರು. ಅವರೆಲ್ಲ ದೂರದ ಪ್ರಾಂತಗಳಿಂದ ಬಂದ ಕೂಲಿಕಾರರು. ಅವರ ಜಾಗದಲ್ಲಿ ನಮ್ಮವರೇ ಇರಬಹುದಾಗಿತ್ತು.

ಇದನ್ನೆಲ್ಲ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಳ್ಳದ ದಂಡೆ, ಗುಡ್ಡದ ಇಳಿಜಾರು, ಗೋಡೆಯ ಬುಡ, ಇವು ಮನುಷ್ಯ ವಾಸಕ್ಕೆ ತಕ್ಕ ಜಾಗಗಳಾಗಿ ಬಡವನಿಗೆ ಸಿಕ್ಕಿದ್ದಲ್ಲ. ಬೇರೆ ಯಾರೂ ಬಾಡಿಗೆ ಕೊಟ್ಟು ಇರಲೊಪ್ಪದ ಜಾಗಗಳಾದ್ದರಿಂದ ಸಿಕ್ಕಿದವು. ನಗರವು ನೀರನ್ನೂ ದುಡಿಯುವವರನ್ನೂ ಒಂದೇ ಅಂಚಿಗೆ ತಳ್ಳಿದೆ. ಆಮೇಲೆ ಇಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದೆ.

ಪುಣೆಗೆ 1997ರಲ್ಲಿ ಸೇರಿದ 23 ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 978 ಹೆಕ್ಟೇರ್ ನೆಲವನ್ನು ಜೀವವೈವಿಧ್ಯ ಉದ್ಯಾನಕ್ಕೆಂದು ಕಾದಿರಿಸಿದ್ದಾರೆ. ಇದನ್ನು ಬೆಟ್ಟಕ್ಕೆ ವಾಯುಸೇವನೆಗೆ ಹೋಗುವವರ ಬೇಡಿಕೆ ಎಂದು ಕಾರ್ಮಿಕರು ಕಡೆಗಣಿಸಬಾರದು. ಗುಡ್ಡದಲ್ಲಿ ಹುಲ್ಲು ಮರಗಳಿದ್ದರೆ ನೀರು ಇಂಗುತ್ತದೆ. ಇಂಗಿದ ನೀರು ನಮ್ಮ ಮನೆಗೆ ನುಗ್ಗದು. ಗುಡ್ಡ ಉಳಿದರೆ ಕೆಳಗಿರುವವರಿಗೇ ಮೊದಲ ಲಾಭ. ಅದೇ ರೀತಿ, ಮುಳಾ ಮುಠಾ ನದಿಗಳ ದಂಡೆಯಲ್ಲಿ 44 ಕಿಲೋಮೀಟರ್ ಉದ್ದದ ಸುಧಾರಣೆಯ ಯೋಜನೆಗೆ 2022ರ ಮಾರ್ಚ್ 6ರಂದು ಶಿಲಾನ್ಯಾಸವಾಯಿತು. ಇದರಿಂದ ಪೂರದ ಭಯ ತಪ್ಪುವುದೆಂದು ಪಾಲಿಕೆ ಹೇಳುತ್ತದೆ. ದಂಡೆ ಕಟ್ಟುವುದರಿಂದ ನದಿ ಇಕ್ಕಟ್ಟಾಗುವುದೆಂದು ನದಿಪ್ರೇಮಿಗಳು ಹೇಳುತ್ತಾರೆ. ನಾವು ಕೇಳತಕ್ಕದ್ದು ಎರಡು: ನದಿಗೆ ಹಿಗ್ಗಲು ಜಾಗ ಉಳಿಯುತ್ತದೆಯೇ? ದಂಡೆಯ ಬೆಲೆ ಏರಿದ ಮೇಲೆ ಅದರ ಹತ್ತಿರ ದುಡಿಯುವವನಿಗೆ ಇರಲು ಜಾಗ ಉಳಿಯುತ್ತದೆಯೇ?

ಎರಡನ್ನೂ ಕೂಡಿಸುವುದು ಆಗದ ಮಾತೇನಲ್ಲ. ಈ ಊರಿನಲ್ಲಿಯೇ ಎರಡು ಉದಾಹರಣೆಗಳಿವೆ. ಯೆರವಡೆಯಲ್ಲಿ ಮಹಿಳಾ ಮಿಲನದ ಹೆಣ್ಣುಮಕ್ಕಳು ಸ್ಪಾರ್ಕ್ ಸಂಸ್ಥೆಯೊಡನೆ ಕೂಡಿ ಮನೆ ಮನೆಯ ಲೆಕ್ಕ ತೆಗೆದರು. ಗಟ್ಟಿಯಾದ ಮನೆಗಳನ್ನು ಉಳಿಸಿ, ಕಚ್ಚಾ ಮನೆಗಳನ್ನಷ್ಟೇ ಕೆಡವಿ, ಅದೇ ಓಣಿಯಲ್ಲಿ, ಅದೇ ನೆರೆಹೊರೆಯಲ್ಲಿ 270 ಚದರಡಿಯ ಮನೆಗಳನ್ನು ಕಟ್ಟಲಾಯಿತು. ಕುಟುಂಬದ ಪಾಲು ಖರ್ಚಿನ ನೂರಕ್ಕೆ 10. ಗೆಡ್ಡಿಸರು ಹೇಳಿದ ವೈದ್ಯ ಇದೇ. ಇನ್ನೊಂದು, ಚಿಂದಿ ಆಯುವವರದು. 1993ರಲ್ಲಿ ಅವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಎಂಬ ಸಂಘ ಕಟ್ಟಿದರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರ ಸಂಸ್ಥೆ 2008ರಲ್ಲಿ ಪಾಲಿಕೆಯೊಡನೆ ಕರಾರು ಮಾಡಿಕೊಂಡು ಮನೆಮನೆಯ ಕಸ ತೆಗೆಯತೊಡಗಿತು. ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ಊರಿನ ಪ್ರಕೃತಿಯನ್ನು ಕಾಯುವ ಕೆಲಸವೇ ಅವರ ಹೊಟ್ಟೆಪಾಡೂ ಆಯಿತು, ಮರ್ಯಾದೆಯೂ ಆಯಿತು.

ಇನ್ನು ನಾವು ಮಾಡತಕ್ಕದ್ದೇನು? ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು, ನಕ್ಷೆಯನ್ನು ನೋಡುವುದು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯ್ದೆಯ 26ನೆಯ ಕಲಮಿನಂತೆ, ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದ ಮೇಲೆ ಗೊತ್ತಾದ ಅವಧಿಯೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸೂಚನೆ ಬರೆದು ಕೊಡಬಹುದು. ಮರಾಠಿ ಬರೆಯಬಲ್ಲ ತರುಣರು ನಮ್ಮ ಸಂಘದಲ್ಲಿ ಇದ್ದಾರೆ. ಅವರು ಈ ಕೆಲಸ ವಹಿಸಿಕೊಳ್ಳಲಿ.

ಎರಡನೆಯದು, 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಮಾತು. ಅದರ 34ನೆಯ ಕಲಮಿನ ಪ್ರಕಾರ ಕೆಲಸದ ಸ್ಥಳದಲ್ಲಿ ಅಥವಾ ಅದರ ಹತ್ತಿರದಲ್ಲಿ ಕೂಲಿಕಾರರಿಗೆ ಬಾಡಿಗೆಯಿಲ್ಲದ ತಾತ್ಕಾಲಿಕ ವಸತಿ, ಪ್ರತ್ಯೇಕ ಅಡಿಗೆಯ ಜಾಗ, ಸ್ನಾನದ ಜಾಗ, ಶೌಚದ ವ್ಯವಸ್ಥೆ ಮಾಡಿಕೊಡುವುದು ಮಾಲಕನ ಹೊಣೆಯಾಗಿತ್ತು. ಆ ವಸತಿ ಗೋಡೆಯ ಬುಡದಲ್ಲಿ, ಹಳ್ಳದ ಅಂಚಿನಲ್ಲಿ ಇರಕೂಡದೆಂದು ನಾವು ಹಟ ಹಿಡಿಯಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ಮೂರನೆಯದು, ನಮ್ಮ ವಸತಿಗಳ ಲೆಕ್ಕವನ್ನು ನಾವೇ ತೆಗೆದಿಡುವುದು. ಯಾವ ಮನೆಗೆ ಯಾವ ವರ್ಷ ಎಷ್ಟು ಮೊಳ ನೀರು ಬಂತು ಎಂಬುದು ಮನೆಯ ಹೆಂಗಸರಿಗೆ ಗೊತ್ತಿದ್ದಷ್ಟು ಯಾವ ಕಚೇರಿಗೂ ಗೊತ್ತಿರದು. ಅದನ್ನು ಬರೆದಿಟ್ಟರೆ ನಾಳೆ ಅದೇ ದಾಖಲೆ.

ನಾಲ್ಕನೆಯದು, ಗುಡ್ಡ ಉಳಿಯಲಿ, ನದಿ ಉಳಿಯಲಿ ಎನ್ನುವವರೊಡನೆ ನಾವು ಸೇರಬೇಕು. ಅವರ ಸಭೆಯಲ್ಲಿ ಎದ್ದುನಿಂತು, ಗುಡಿಸಲನ್ನು ಎತ್ತುವ ಮೊದಲು ಹತ್ತಿರದಲ್ಲಿ ಮನೆ ಎಂಬ ಮಾತನ್ನು ಅವರ ಬಾಯಲ್ಲೂ ಹೇಳಿಸಬೇಕು. 1985ರಲ್ಲಿ ಮುಂಬಯಿಯ ಫುಟ್‌ಪಾತಿನ ಜನರ ಖಟ್ಲೆಯಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೂ ಅದೇ ತೀರ್ಪು ತೆರವನ್ನು ಪೂರ್ತಿ ತಡೆಯಲಿಲ್ಲ ಎಂಬುದನ್ನು ಮರೆಯಬಾರದು. ತೀರ್ಪು ಕೈಗೆ ಕೋಲು ಕೊಡುತ್ತದೆ, ನಡೆಯಬೇಕಾದವರು ನಾವೇ.

ಬಂಧುಗಳೇ, ಹಳ್ಳಕ್ಕೆ ಹಳ್ಳದ ಹಾದಿ, ದುಡಿಯುವವನಿಗೆ ದುಡಿಯುವವನ ಮನೆ, ಇವೆರಡೂ ಒಂದೇ ನಕ್ಷೆಯಲ್ಲಿ, ಒಂದೇ ದಿನ ಬರೆಯಲ್ಪಡಬೇಕು. ಒಂದನ್ನು ಇಂದು, ಇನ್ನೊಂದನ್ನು ಮುಂದೆ ನೋಡೋಣ ಎಂದರೆ ಆ ಮುಂದೆ ಎಂಬುದು ನಮಗೆ ಬರುವುದೇ ಇಲ್ಲ. ಮುಂದಿನ ಮಳೆಗಾಲದೊಳಗೆ ಪ್ರತಿ ವಸತಿಯಿಂದ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಕ್ಕಳು, ಈ ಕೆಲಸಕ್ಕೆ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.