ನಿಂತ ಪ್ರಯಾಣ, ನಿಲ್ಲದ ನಿಯ್ಯತ್
(ಪಂಚನಹಳ್ಳಿ: ಜುಮಾ ಖುತ್ಬಾದ ಸಾರಾಂಶ)



ಕಳೆದ ವಾರ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತ್‌ನ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ ಒಂದು ಮಾತು ಕೇಳಿದರು. ಕೊಬ್ಬರಿ ಮಾರಿ ಕೂಡಿಟ್ಟ ಹಣದಲ್ಲಿ ಅವರೂ ಅವರ ಪತ್ನಿಯೂ 2020ರ ಹಜ್ಜ್‌ಗೆ ಅರ್ಜಿ ಹಾಕಿದ್ದರು. ಕೊರೊನಾದಿಂದಾಗಿ ಆ ವರ್ಷ ಯಾರನ್ನೂ ಕಳಿಸುವುದಿಲ್ಲವೆಂದು ಜೂನ್ 23ರಂದು ಭಾರತ ಸರ್ಕಾರ ತಿಳಿಸಿತು. 2021ರಲ್ಲಿ ಸೌದಿಯೊಳಗಿದ್ದ 60 ಸಾವಿರ ಮಂದಿಗೆ ಮಾತ್ರ ಅವಕಾಶವಿತ್ತು. ಆ ನಡುವೆ ಪತ್ನಿ ತೀರಿಕೊಂಡರು. 2022ರಲ್ಲಿ ದಾರಿ ತೆರೆದಾಗ 65 ದಾಟಿದವರಿಗೆ ಅನುಮತಿ ಇರಲಿಲ್ಲ. 2023ರಲ್ಲಿ ಇವರೊಬ್ಬರೇ ಹೋಗಿ ಬಂದರು. "ಹಜರತ್, ಆಕೆಯ ಹಜ್ಜ್ ಏನಾಯಿತು?" ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು.

ರೋಗದ ದಿನಗಳಲ್ಲಿ ಪರದೇಶಕ್ಕೆ ಹೊರಡುವವನ ಮನಸ್ಸನ್ನು ಹಲವು ಸಂಗತಿಗಳು ಎಳೆಯುತ್ತವೆ. ಕಟ್ಟಿದ ಹಣ, ನೆಂಟರಿಗೆ ಹೇಳಿಯಾದ ದಾವತ್, ಗಲ್ಫ್‌ನಲ್ಲಿ ಕೈತಪ್ಪಲಿರುವ ಕೆಲಸ, ಜನ ಏನಂದಾರು ಎಂಬ ಅಳುಕು. ಹೊಟ್ಟೆಪಾಡಿಗಾಗಿ, ನಿಯಮ ಪಾಲಿಸಿ ಹೋದವನಲ್ಲಿ ತಪ್ಪಿಲ್ಲ. ಆದರೆ ಮಾತ್ರೆ ನುಂಗಿ ಜ್ವರ ಮುಚ್ಚಿಟ್ಟು ವಿಮಾನ ಹತ್ತುವವನು ಪಕ್ಕದಲ್ಲಿ ಕೂತವನ ಜೀವದ ಜೊತೆ ಆಡುತ್ತಾನೆ. ಹೊರಟಿದ್ದು ಕಅಬಾದ ಕಡೆಗೇ ಆದರೂ ಅದು ಶುದ್ಧ ನಿಯ್ಯತ್ ಅಲ್ಲ.

ಹ. ಉಮರ್(ರ) ಸಿರಿಯಾಕ್ಕೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹರಡಿದೆಯೆಂಬ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದರು ಉಮರ್(ರ). ಅಷ್ಟರಲ್ಲಿ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ಊರಿಗೆ ಹೋಗಬಾರದು, ಇದ್ದ ಊರಿನಲ್ಲೇ ಬಂದರೆ ಅಲ್ಲಿಂದ ಓಡಬಾರದು ಎಂದು ಪ್ರವಾದಿ(ಸ) ಕಲಿಸಿದ್ದನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮರಳಿದರು.

ಹಿರಿಯರಿಗೆ ನಾನು ಹೇಳಿದ್ದಿಷ್ಟು: ಹಜ್ಜ್‌ನ ಸಾಮರ್ಥ್ಯದಲ್ಲಿ ದಾರಿಯ ಸುರಕ್ಷತೆಯೂ ಸೇರಿದೆ. ದಾರಿಯೇ ಮುಚ್ಚಿದಾಗ ಮನೆಯಲ್ಲುಳಿದದ್ದು ಕೊರತೆಯಲ್ಲ. ತಬೂಕ್ ಯಾತ್ರೆಯಲ್ಲಿ, ಅಡ್ಡಿಯಿಂದಾಗಿ ಮದೀನಾದಲ್ಲೇ ಉಳಿದವರೂ ಪ್ರತಿಫಲದಲ್ಲಿ ಪಾಲುದಾರರೆಂದು ಪ್ರವಾದಿ(ಸ) ತಿಳಿಸಿದ್ದರು. ಒಳಿತನ್ನು ಬಯಸಿ ಮಾಡಲಾಗದೆ ಹೋದವನಿಗೂ ಅದರ ಪುಣ್ಯ ಬರೆಯಲ್ಪಡುತ್ತದೆ. ನಿಮ್ಮ ಫರ್ಝ್ ಹಜ್ಜ್ ಆಗಿದೆ. ಅಲ್ಲಾಹನು ಅನುಕೂಲ ಕೊಟ್ಟರೆ ಆಕೆಯ ಪರವಾಗಿ ಹಜ್ಜೆ ಬದಲ್ ಮಾಡಿ.

ಸಹೋದರರೇ, ನಾಳೆ ಇನ್ನೊಂದು ರೋಗ ಬರಬಹುದು. ಚೀಲ ಕಟ್ಟುವ ಮುನ್ನ ಮನಸ್ಸನ್ನು ಕೇಳಿಕೊಳ್ಳೋಣ: ನಾನು ಹೊರಟಿರುವುದು ಯಾರ ಮೆಚ್ಚುಗೆಗೆ? ನನ್ನಿಂದ ಯಾರಿಗೆ ಕೇಡು? ಉತ್ತರ ಶುದ್ಧವಾಗಿದ್ದರೆ ಹೊರಡುವುದೂ ಇಬಾದತ್, ನಿಲ್ಲುವುದೂ ಇಬಾದತ್.

ಹೊರಟು ತಲುಪಲಾಗದವರ ನಿಯ್ಯತ್ತನ್ನು ಅಲ್ಲಾಹನು ಸ್ವೀಕರಿಸಲಿ. ಆಮೀನ್.