ಅವ್ವನ ಅಡಿಗಿ, ಗ್ಯಾಸಿನ ಒಲಿ

(ಸಂಘದ ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಬಗ್ಗೆ ಮಾತಾಡೋರು ಇವತ್ತು ಬಹಳ ಮಂದಿ ಇದ್ದಾರೆ. ನನಗೆ ಹಳೆಯ ಅಡಿಗೆಯ ಬಗ್ಗೆ ಹೇಳಿರಿ ಅಂದರು. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವನು ನಾನು, ಒಲಿ ಮುಂದೆ ಕೂತವನಲ್ಲ. ಆದರೆ ಹೋದ ವರ್ಷ ಎಳ್ಳಮಾಸಿಗೆ ಕೂಡಬೇಕಾಯಿತು. ಅದನ್ನೇ ಹೇಳುತ್ತೇನೆ.

ನಮ್ಮವ್ವನ ಬಲಗೈಯಲ್ಲಿ ಈಗ ಶಕ್ತಿ ಇಲ್ಲ. ಚರಗ ಚೆಲ್ಲಲು ಸಜ್ಜಿ ರೊಟ್ಟಿ ಬೇಕು. ಅವ್ವ ಹೇಳೋದು, ಮನಿಯಾಕಿ ಮಾಡೋದು, ನಾನು ಕೈಗೆ ನೀಡೋದು ಅಂತ ಆಯಿತು. ಪ್ಯಾಟಿಯಿಂದ ಪಾಕೀಟು ಹಿಟ್ಟು ತಂದಿದ್ದೆ. ಎಸರು ಕಾಯಿಸಿ ಹಾಕಿದರೂ ಹಿಟ್ಟಿಗೆ ಜಿಗಿ ಬರಲಿಲ್ಲ. ಬಡಿಯೋದರಾಗ ಅಂಚು ಬಿರಿಯಿತು, ಹಂಚಿಗೆ ಹಾಕೋದರಾಗ ಎರಡು ತುಂಡಾಯಿತು. ಬೆಂದದ್ದು ಕಹಿ. ಮನಿಯಾಕಿ ಕಣ್ಣಾಗ ನೀರು. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು, "ನಿನ್ನ ಕೈದು ತಪ್ಪಿಲ್ಲವ್ವಾ, ಹಿಟ್ಟು ಹಳೇದೈತಿ" ಅಂದಳು.

ಸಂಗತಿ ಇಷ್ಟೇ. ಗೋಧಿಗೆ ಇರುವ ಜಿಗುಟು ಜೋಳಕ್ಕೂ ಇಲ್ಲ, ಸಜ್ಜಿಗೂ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಹಿಡಿದುಕೊಳ್ಳುತ್ತದೆ. ಹಳೆಯ ಹಿಟ್ಟು ಹಾಗೆ ಹಿಡಿಯುವುದಿಲ್ಲ. ಅದರಲ್ಲೂ ಸಜ್ಜಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೀಸಿದ ಮೇಲೆ ಬೇಗ ಕಹಿಯಾಗುತ್ತದೆ. ನಮ್ಮ ಆಯಿ ನಸುಕಿನಾಗ ಎದ್ದು ಆ ದಿನದ್ದು ಆ ದಿನವೇ ಬೀಸುತ್ತಿದ್ದಳು. ರುಚಿ ಅಲ್ಲೇ ಇತ್ತು, ರಟ್ಟೆ ನೋವೂ ಅಲ್ಲೇ ಇತ್ತು. ಆ ಬೀಸುಕಲ್ಲು ಮರಳಿ ಬರಲಿ ಅಂತ ಗಂಡಸಾದ ನಾನು ಹೇಳಿದರೆ ತಾಯಂದಿರು ನಗುತ್ತೀರಿ.

ಸಂಕ್ರಾಂತಿ ಭೋಗಿಗೆ ಸಜ್ಜಿ ಕಾಳು ತಂದು, ಸ್ವಚ್ಛ ಮಾಡಿ, ಮುನ್ನಾದಿನ ಗಿರಣಿಗೆ ಒಯ್ದೆ. ಬೆಳಿಗ್ಗೆ ಅದೇ ಗ್ಯಾಸ್ ಒಲಿ, ಅದೇ ಕೈ. ತೆಳ್ಳನ ತವಾ ಬಿಟ್ಟು ದಪ್ಪ ಕಬ್ಬಿಣದ ಹಂಚು ಇಟ್ಟೆವು. ಎಳ್ಳು ಹಚ್ಚಿ, ಮೇಲೆ ನೀರು ಸವರಿ, ತಿರುವಿ ಹಾಕಿ, ಕಡೆಗೆ ಉರಿಗೆ ಹಿಡಿದರೆ ರೊಟ್ಟಿ ಉಬ್ಬಿತು. ಅವ್ವ ಒಂದೂವರೆ ತಿಂದಳು.

ಗುರೆಳ್ಳು ಹಿಂಡಿಗೆ ಈಗ ಒಳ್ಳು ಬೇಕಿಲ್ಲ, ಮಿಕ್ಸಿ ಸಾಕು. ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಬೇಕು, ನಿಲ್ಲಿಸಿ ನಿಲ್ಲಿಸಿ ತಿರುವಬೇಕು. ಒಂದೇ ಸಮ ತಿರುವಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ನವಣಕ್ಕಿ ಅನ್ನವನ್ನು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದರೆ ಮುದ್ದಿ. ದಪ್ಪ ತಳದ ಪಾತ್ರೆಯಲ್ಲಿ ಒಂದಕ್ಕೆ ಎರಡೂವರೆ ನೀರು ಇಟ್ಟು, ಬೆಂದ ಮೇಲೆ ಹತ್ತು ನಿಮಿಷ ಮುಚ್ಚಿಡಬೇಕು.

ಅಳತಿಯದೊಂದು ತಕರಾರು. ಅವ್ವ ಸೇರು, ಚಟಾಕು ಅಂತಾಳೆ, ಮಗಳು ಗ್ರಾಂ ಕೇಳುತ್ತಾಳೆ. ತೂಕದ ಸೇರು 80 ತೊಲಿ, ಅಂದರೆ ಸುಮಾರು 933 ಗ್ರಾಂ. ಚಟಾಕು ಸುಮಾರು 58 ಗ್ರಾಂ. ಆದರೆ ಅವ್ವನದು ಅಳತೀ ಸೇರು, ಒಂದೊಂದು ಕಾಳಿಗೆ ಒಂದೊಂದು ತೂಕ ಬರುತ್ತದೆ. ಕಡೆಗೆ ಮಗಳು ಆ ಹಿತ್ತಾಳಿ ಸೇರಿನ ತುಂಬ ನವಣಕ್ಕಿ ಹಾಕಿ, ನಮ್ಮ ಸಂಘದ ತಕ್ಕಡಿಯಲ್ಲಿ ತೂಗಿ ಬರೆದುಕೊಂಡಳು. ಅವ್ವ ಇರುವಾಗಲೇ ಬರೆದುಕೊಂಡದ್ದು ಒಳ್ಳೇದಾಯಿತು.

ಬಾದಾಮಿಯ ಬನಶಂಕರಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಹಿಂಡಿ, ಮಸರು ತಂದು ಉಣಬಡಿಸುತ್ತಾರೆ. ನಮ್ಮ ಹುಡುಗರೇ ಅಲ್ಲಿ ರೊಕ್ಕ ಕೊಟ್ಟು ಬಾಯಿ ಚಪ್ಪರಿಸುತ್ತಾರೆ. ಮನೆಯಲ್ಲಿ ಯಾಕಿಲ್ಲ? ಹೊಲದಲ್ಲಿ ಇಲ್ಲ, ಅದಕ್ಕೆ. ನೀರು ಬಂದ ಮೇಲೆ ನಾನೂ ಕಬ್ಬು ಹಚ್ಚಿದವನೇ. ಭಾರತದ ಸಲಹೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿತು. ವರ್ಷ ಬಂತು, ಹೋಯಿತು. ನಮ್ಮೂರಾಗ ನವಣಿ ಬೆಳೆದರೂ ಹೊಟ್ಟು ತೆಗೆಸಲು ದೂರ ಹೋಗಬೇಕು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಹೊಟ್ಟು ತೆಗೆಯುವ ಯಂತ್ರದ ಮಾತು ಆಡಳಿತ ಮಂಡಳಿಯಲ್ಲಿ ಬಂದಾಗ, "ಯಾರು ತರ್ತಾರ ನವಣಿ" ಅಂತ ಬೇಡ ಅಂದವನು ನಾನೇ. ಯಂತ್ರಕ್ಕೆ ಈಗಲೂ ರೊಕ್ಕ ಕೂಡಿಸಬೇಕು, ತಡವಾದೀತು. ಆದರೆ ಗಿರಣಿಯದು ತಡವಾಗಬೇಕಿಲ್ಲ. ಎರಡು ಸೇರು ಸಜ್ಜಿ ಒಯ್ದರೆ ಗೋಧಿ ಹಿಟ್ಟಿನಾಗ ಕೂಡ್ತದ ಅಂತ ತಿರುಗಿ ಕಳಿಸುತ್ತಾರೆ. ವಾರಕ್ಕೊಂದು ದಿನ ಗಿರಣಿ ಸ್ವಚ್ಛ ಮಾಡಿ ಸಜ್ಜಿ, ಜೋಳ ಮಾತ್ರ ಬೀಸಬೇಕು, ಎಷ್ಟು ಸಣ್ಣ ಗಂಟು ತಂದರೂ ಬೀಸಿಕೊಡಬೇಕು ಅಂತ ಮುಂದಿನ ಸಭೆಗೆ ನಾನೇ ಠರಾವು ತರುತ್ತೇನೆ. ಸಂತಿ ದಿನ ಮಾತ್ರ ಬ್ಯಾಡ, ಅವತ್ತು ಯಾರಿಗೂ ಪುರಸೊತ್ತಿರೋದಿಲ್ಲ ಅಂತ ಮನಿಯಾಕಿ ಹೇಳಿ ಕಳಿಸಿದ್ದಾಳೆ.