ಸಿ ಗ್ರೇಡ್ ಬಂದ ತಿದ್ದುಪಡಿ

1982ರಲ್ಲಿ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗ್ರೆಗರಿ ವಾಟ್ಸನ್ ಎಂಬ ವಿದ್ಯಾರ್ಥಿ ಸರ್ಕಾರ ಹೇಗೆ ನಡೆಯುತ್ತದೆ ಎಂಬ ಪಾಠಕ್ಕೆ ಒಂದು ಪ್ರಬಂಧ ಬರೆದುಕೊಡಬೇಕಿತ್ತು. ವಿಷಯ ಹುಡುಕುತ್ತ ಗ್ರಂಥಾಲಯಕ್ಕೆ ಹೋದವನ ಕಣ್ಣಿಗೆ ಒಂದು ಪಟ್ಟಿ ಬಿತ್ತು. ಅಮೆರಿಕದ ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು, ಒಪ್ಪಿ ಕಳಿಸಿದರೂ ರಾಜ್ಯಗಳ ಬೆಂಬಲ ಸಾಲದೆ ಮೂಲೆ ಸೇರಿದ್ದ ಸಂವಿಧಾನ ತಿದ್ದುಪಡಿಗಳ ಪಟ್ಟಿ ಅದು. ಅದರಲ್ಲೊಂದು 1789ರದ್ದು, ಜೇಮ್ಸ್ ಮ್ಯಾಡಿಸನ್ ಮಂಡಿಸಿದ್ದು. ಸಂಸದರು ತಮ್ಮ ಸಂಬಳವನ್ನು ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಆದ ಮೇಲಷ್ಟೇ ಜಾರಿಗೆ ಬರಬೇಕು ಎನ್ನುವುದು ಅದರ ತಿರುಳು. ಇಷ್ಟು ವರ್ಷದೊಳಗೆ ಒಪ್ಪಬೇಕೆಂಬ ಗಡುವನ್ನು ಅದಕ್ಕೆ ಯಾರೂ ಹಾಕಿರಲಿಲ್ಲ. ಗಡುವಿಲ್ಲ ಎಂದಮೇಲೆ ಇದು ಸತ್ತಿಲ್ಲ, ಈಗಲೂ ಅಂಗೀಕರಿಸಬಹುದು ಎಂದು ವಾಟ್ಸನ್ ಪ್ರಬಂಧದಲ್ಲಿ ವಾದಿಸಿದ. ಪ್ರಬಂಧಕ್ಕೆ ಸಿ ಗ್ರೇಡ್ ಬಂತು. ಮರುಪರಿಶೀಲನೆ ಕೇಳಿದ. ಗ್ರೇಡ್ ಕದಲಲಿಲ್ಲ.

ನಾವಾಗಿದ್ದರೆ ಮಾಸ್ತರರನ್ನು ಬೈದುಕೊಂಡು ಮುಂದಿನ ಸೆಮಿಸ್ಟರಿಗೆ ಹೋಗುತ್ತಿದ್ದೆವು. ಅವನು ಕಾಗದ ಬರೆಯಲು ಕೂತ. ಯಾವ ರಾಜ್ಯದ ಶಾಸನಸಭೆ ಇನ್ನೂ ಒಪ್ಪಿಲ್ಲವೋ ಅಲ್ಲಿನ ಜನಪ್ರತಿನಿಧಿಗಳಿಗೆ ಬರೆದ. ಹೆಚ್ಚಿನವರು ಉತ್ತರಿಸಲಿಲ್ಲ. 1983ರಲ್ಲಿ ಮೇನ್ ರಾಜ್ಯ ಒಪ್ಪಿತು, ಮರುವರ್ಷ ಕೊಲರಾಡೊ. ಆಮೇಲೆ ಒಂದರ ಹಿಂದೊಂದು. 1992ರ ಮೇ 7ರಂದು ಮಿಷಿಗನ್ ಒಪ್ಪುವುದರೊಂದಿಗೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು, ಅಂದರೆ ಐವತ್ತರಲ್ಲಿ 38, ಎಂಬ ಗೆರೆ ದಾಟಿತು. ಇನ್ನೂರು ವರ್ಷ ದೂಳು ತಿಂದ ವಾಕ್ಯ ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿಯಾಯಿತು. ಅಲ್ಲಿ ಇದುವರೆಗೆ ಆಗಿರುವ ಕೊನೆಯ ತಿದ್ದುಪಡಿಯೂ ಅದೇ. ವಿಶ್ವವಿದ್ಯಾಲಯ 2017ರಲ್ಲಿ ಅವನ ಗ್ರೇಡನ್ನು ಎ ಎಂದು ತಿದ್ದಿತು. ಸಂವಿಧಾನಕ್ಕಿಂತ ಅಂಕಪಟ್ಟಿ ತಿದ್ದಿಸುವುದೇ ಕಷ್ಟ ಎನ್ನುವುದು ಎಲ್ಲ ದೇಶದ ವಿದ್ಯಾರ್ಥಿಗಳಿಗೂ ಗೊತ್ತಿರುವ ಮಾತು.

ಈ ಕಥೆಯನ್ನು ನಾನು ಮೂರು ಥರದವರಿಗೆ ಹೇಳುತ್ತಿದ್ದೇನೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಹುಟ್ಟಿ, ಶಾಲೆಯಲ್ಲಿ ಸಿವಿಕ್ಸ್ ಓದಿ, ಮನೆಗೆ ಬಂದು ಕನ್ನಡದಲ್ಲಿ ಜಗಳವಾಡುವ ಮಕ್ಕಳಿಗೆ. ಎಂಎಸ್ ಮಾಡಲು ಹೊರಟು ವೀಸಾ ಸಂದರ್ಶನದ ಆಚೆಗೆ ಆ ದೇಶದ ಸರ್ಕಾರವನ್ನು ಯೋಚಿಸದವರಿಗೆ. ಮತ್ತೆ, ಎಲ್ಲಿಗೂ ಹೋಗದೆ ದಾವಣಗೆರೆಯಲ್ಲೋ ಧಾರವಾಡದಲ್ಲೋ ಕೂತು ಅಲ್ಲಿನ ಚುನಾವಣೆ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡುತ್ತ ವಾದ ಮಾಡುವವರಿಗೆ. ನಿಮಗೆಲ್ಲ ಅಮೆರಿಕದ ಅಧ್ಯಕ್ಷರ ಹೆಸರು ಗೊತ್ತು, ಅವರ ಟ್ವೀಟುಗಳೂ ಗೊತ್ತು. ಆ ಕುರ್ಚಿಯನ್ನು ಮಾಡಿದವರು ಯಾರು, ಅದರ ಕಾಲಿಗೆ ಹಗ್ಗ ಕಟ್ಟಿದ್ದೇಕೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ತಪ್ಪು ನಿಮ್ಮದಲ್ಲ, ಪಾಠ ಹೇಳುವ ರೀತಿಯದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಒಂದು ತ್ರಿಕೋನ ಬರೆಸುತ್ತಾರೆ. ಪ್ರತಿನಿಧಿ ಸಭೆಗೆ 435 ಜನ, ಎರಡು ವರ್ಷ. ಸೆನೆಟ್ಟಿಗೆ 100 ಜನ, ಆರು ವರ್ಷ. ಅಧ್ಯಕ್ಷರಿಗೆ ನಾಲ್ಕು ವರ್ಷ. ಸುಪ್ರೀಂ ಕೋರ್ಟಿಗೆ ಒಂಬತ್ತು ನ್ಯಾಯಮೂರ್ತಿಗಳು. ಬಾಯಿಪಾಠ, ಪರೀಕ್ಷೆ, ಮರೆವು. ಆ ತ್ರಿಕೋನದ ಹಿಂದೆ ನಾಲ್ಕು ತಿಂಗಳ ಜಗಳವಿತ್ತು ಎನ್ನುವುದನ್ನು ಹೇಳದೆ ಬಿಡುತ್ತಾರೆ. ನನ್ನ ಕೇಳಿದರೆ ಆ ಜಗಳವೇ ಪಾಠ.

ಮೊದಲು ಬಿಳಿ ವಿಗ್ಗಿನ ಮುದುಕರ ಚಿತ್ರವನ್ನು ತಲೆಯಿಂದ ತೆಗೆದುಹಾಕಿ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ ಬರೆದಾಗ ಥಾಮಸ್ ಜೆಫರ್ಸನ್‌ಗೆ 33 ವರ್ಷ. ಮ್ಯಾಡಿಸನ್‌ಗೆ 25. ಮುಂದೆ ಅಧ್ಯಕ್ಷನಾದ ಜೇಮ್ಸ್ ಮನ್ರೋ ಆಗ 18ರ ಹುಡುಗ. ಸ್ವಾತಂತ್ರ್ಯ ಯುದ್ಧದ ನಡುವೆಯೇ ಅವರು ಮಾಡಿಕೊಂಡ ಮೊದಲ ವ್ಯವಸ್ಥೆ ಕೈಕೊಟ್ಟಿತು. ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಹದಿಮೂರೂ ರಾಜ್ಯ ಒಪ್ಪದೆ ಒಂದಕ್ಷರ ತಿದ್ದುವಂತಿರಲಿಲ್ಲ. ಆಮದಿನ ಮೇಲೆ ಸಣ್ಣ ಸುಂಕ ಹಾಕೋಣವೆಂದರೆ ಪುಟ್ಟ ರೋಡ್ ಐಲೆಂಡ್ ಒಂದೇ ಅಡ್ಡಗಾಲು ಹಾಕಿತು. 1786ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ರೈತರು, ಅವರಲ್ಲಿ ಅನೇಕರು ಯುದ್ಧದಲ್ಲಿ ಹೋರಾಡಿ ಬಂದವರು, ಸಾಲ ಮತ್ತು ತೆರಿಗೆ ತಾಳಲಾರದೆ ಡೇನಿಯಲ್ ಶೇಸ್ ಮುಂತಾದವರ ಹಿಂದೆ ನಿಂತು ಕೋರ್ಟುಗಳನ್ನು ಮುಚ್ಚಿಸಿದರು. ಜಪ್ತಿ ಆದೇಶ ಹೊರಡುವುದು ಕೋರ್ಟಿನಿಂದ ತಾನೇ.

ಹೀಗಾಗಿ 1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. ಒಟ್ಟು 55 ಪ್ರತಿನಿಧಿಗಳು. ರೋಡ್ ಐಲೆಂಡ್ ಯಾರನ್ನೂ ಕಳಿಸಲೇ ಇಲ್ಲ. ಬೆಂಜಮಿನ್ ಫ್ರಾಂಕ್ಲಿನ್‌ಗೆ 81 ವರ್ಷ, ಜೊನಾಥನ್ ಡೇಟನ್‌ಗೆ 26. ಒಳಗಿನ ಮಾತು ಹೊರಗೆ ಹೋಗಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿ ಕೂತರು. ಇಲ್ಲಿ ನೀವು ನೋಡಬೇಕಾದ್ದು 36ರ ಮ್ಯಾಡಿಸನ್‌ನನ್ನು. ಕುಳ್ಳ, ಮೆಲುದನಿಯವ, ಆಗಾಗ ಕಾಯಿಲೆ ಬೀಳುವವ. ಆದರೆ ಸಭೆಗೆ ಬರುವ ಮೊದಲೇ ಓದಿ ಮುಗಿಸಿದ್ದ. ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್ ಪೆಟ್ಟಿಗೆಗಟ್ಟಲೆ ಪುಸ್ತಕ ಕಳಿಸಿಕೊಟ್ಟಿದ್ದ. ಗ್ರೀಸಿನಿಂದ ಹಾಲೆಂಡಿನವರೆಗೆ ಒಕ್ಕೂಟಗಳು ಕಟ್ಟಿದ್ದು ಹೇಗೆ, ಕುಸಿದದ್ದೇಕೆ ಎಂದು ಅವನು ಟಿಪ್ಪಣಿ ಮಾಡಿಕೊಂಡಿದ್ದ. ಮಿಕ್ಕವರು ಏನು ಮಾಡೋಣ ಎಂದುಕೊಂಡು ಬಂದರೆ, ಅವನು ಮತ್ತು ಅವನ ವರ್ಜೀನಿಯಾದ ಜೊತೆಗಾರರು ಕರಡು ಹಿಡಿದೇ ಬಂದಿದ್ದರು. ಸಭೆ ಮೊದಲ ದಿನಗಳಿಂದಲೇ ಆ ಕರಡಿನ ಮೇಲೆ ನಡೆಯಿತು. ಓದಿಕೊಂಡು ಬಂದವನು ಚರ್ಚೆಯ ದಾರಿ ಹಾಕುತ್ತಾನೆ. ಇದು ಕಾಲೇಜಿನ ಯೂನಿಯನ್ ಸಭೆಗೂ ಅನ್ವಯಿಸುತ್ತದೆ.

ಆದರೆ ಅವನು ಸೋತ ಎನ್ನುವುದು ಇನ್ನೂ ಮುಖ್ಯ. ಎರಡೂ ಸದನಗಳಲ್ಲಿ ಜನಸಂಖ್ಯೆಯ ಪ್ರಕಾರವೇ ಸ್ಥಾನ ಇರಬೇಕೆಂದು ಅವನ ಹಟ. ಸಣ್ಣ ರಾಜ್ಯಗಳು ಒಪ್ಪಲಿಲ್ಲ. ಜುಲೈ 16ರಂದು ಒಂದೇ ಒಂದು ರಾಜ್ಯದ ಅಂತರದಲ್ಲಿ ರಾಜಿಯಾಯಿತು: ಕೆಳಮನೆಯಲ್ಲಿ ಜನಸಂಖ್ಯೆಯ ಲೆಕ್ಕ, ಸೆನೆಟ್ಟಿನಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಸಮಪಾಲು. ರಾಜ್ಯಗಳ ಕಾನೂನನ್ನು ಕೇಂದ್ರ ರದ್ದುಮಾಡುವಂತಿರಬೇಕೆಂಬ ಅವನ ಇನ್ನೊಂದು ಆಸೆಯೂ ಬಿದ್ದುಹೋಯಿತು. ಅವನು ಎದ್ದುಹೋಗಲಿಲ್ಲ. ದಿನವೂ ಮುಂದೆ ಕೂತು ಪ್ರತಿಯೊಬ್ಬರ ವಾದವನ್ನೂ, ತನ್ನ ವಿರೋಧಿಗಳದ್ದನ್ನೂ ಬರೆದುಕೊಂಡ. ಆ ಸಭೆಯ ಬಗ್ಗೆ ನಮಗೆ ತಿಳಿದಿರುವುದರ ಬಹುಪಾಲು ಅವನು ಸತ್ತು ನಾಲ್ಕು ವರ್ಷದ ಮೇಲೆ, 1840ರಲ್ಲಿ ಅಚ್ಚಾದ ಆ ಟಿಪ್ಪಣಿಯಿಂದ. ಸಭೆ ಮುಗಿದ ಮೇಲೆ ತನಗೆ ಪೂರ್ತಿ ಹಿಡಿಸದ ಅದೇ ಸಂವಿಧಾನವನ್ನು ರಾಜ್ಯಗಳು ಒಪ್ಪಲೆಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಜಾನ್ ಜೇ ಎಂಬಿಬ್ಬರ ಜೊತೆ ಸೇರಿ ಪತ್ರಿಕೆಗಳಿಗೆ ಬರೆದ. ಮೂವರದ್ದೂ ಸೇರಿ 85 ಲೇಖನ. ನಾಗರಿಕರ ಹಕ್ಕುಗಳ ಪಟ್ಟಿ ಬೇಡವೆಂದಿದ್ದವನೇ, ಜನ ಕೇಳಿದ್ದಕ್ಕೆ ಮನಸ್ಸು ಬದಲಿಸಿ 1789ರಲ್ಲಿ ಆ ಪಟ್ಟಿಯನ್ನು ತಾನೇ ಮಂಡಿಸಿದ. ಅದರಲ್ಲಿ ಹತ್ತು 1791ರ ಡಿಸೆಂಬರ್ 15ಕ್ಕೆ ಜಾರಿಯಾದವು. ಸೋತ ಮೇಲೂ ಕೆಲಸ ಮಾಡುವವರು ನಿಮ್ಮ ವಾಟ್ಸಪ್ ಗುಂಪಿನಲ್ಲಿ ಎಷ್ಟು ಜನರಿದ್ದಾರೆ?

ರಚನೆಯ ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದರ ಹಿಂದೆ ಇರುವುದು ಒಂದೇ ಗುಣ, ಅಪನಂಬಿಕೆ. ಒಂದೇ ಖಜಾನೆಗೆ ಮೂರು ಬೀಗ ಹಾಕಿ ಕೀಲಿಗಳನ್ನು ಬೇರೆ ಬೇರೆಯವರ ಸೊಂಟಕ್ಕೆ ಸಿಕ್ಕಿಸಿದ ಹಾಗೆ. ಕಾಂಗ್ರೆಸ್ಸು ಕಾನೂನು ಮಾಡಿದರೆ ಅಧ್ಯಕ್ಷ ತಡೆಯಬಹುದು. ಮೂರರಲ್ಲೆರಡು ಬಹುಮತ ಬಂದರೆ ಆ ತಡೆಯನ್ನೇ ಮೀರಬಹುದು. ನ್ಯಾಯಮೂರ್ತಿಯನ್ನು ಅಧ್ಯಕ್ಷ ಹೆಸರಿಸಬೇಕು, ಸೆನೆಟ್ ಒಪ್ಪಬೇಕು; ಕೂತ ಮೇಲೆ ಆ ನ್ಯಾಯಮೂರ್ತಿ ಇಬ್ಬರ ಮಾತನ್ನೂ ಹೊಡೆದುಹಾಕಬಹುದು. ಇನ್ನೊಂದು ಸಂಗತಿ ನಮ್ಮವರಿಗೆ ಅಲ್ಲಿಗೆ ಹೋದ ಮೇಲೂ ತಿಳಿಯುವುದು ತಡ. ಡ್ರೈವಿಂಗ್ ಲೈಸೆನ್ಸು, ಮದುವೆಯ ನಿಯಮ, ಶಾಲೆಯ ಪಠ್ಯ, ಮತಗಟ್ಟೆಯ ವ್ಯವಸ್ಥೆ, ದಿನದ ಬದುಕಿಗೆ ತಾಗುವ ಬಹಳಷ್ಟು ಸಂಗತಿ ವಾಷಿಂಗ್ಟನ್ನಿನ ಕೈಯಲ್ಲಿಲ್ಲ. ರಾಜ್ಯದ, ಕೌಂಟಿ ಎಂಬ ಜಿಲ್ಲೆಯ, ಊರಿನ ಕೈಯಲ್ಲಿದೆ.

ಈಗ ಕಹಿ ಮಾತು. ಆ ಮುಚ್ಚಿದ ಕೋಣೆಯಲ್ಲಿ ಕೂತವರಲ್ಲಿ ಅನೇಕರು ಗುಲಾಮರ ಒಡೆಯರು. ಸಭೆಯ ಅಧ್ಯಕ್ಷ ವಾಷಿಂಗ್ಟನ್, ನಾನು ಇಷ್ಟು ಹೊತ್ತು ಹೊಗಳಿದ ಮ್ಯಾಡಿಸನ್, ಇಬ್ಬರೂ. ಪ್ರತಿನಿಧಿಗಳ ಸಂಖ್ಯೆ ನಿಗದಿ ಮಾಡುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿದರು. 1808ರವರೆಗೆ ಗುಲಾಮರ ಆಮದನ್ನು ಕಾಂಗ್ರೆಸ್ಸು ನಿಷೇಧಿಸುವಂತಿಲ್ಲ ಎಂದು ಬರೆದರು. ಗುಲಾಮ ಎಂಬ ಪದ ಮಾತ್ರ ಎಲ್ಲೂ ಬರದಂತೆ ನೋಡಿಕೊಂಡರು. ನಾಚಿಕೆ ಇತ್ತು, ನ್ಯಾಯ ಇರಲಿಲ್ಲ. ಇದನ್ನು ಮುಚ್ಚಿಟ್ಟು ಸಂಸ್ಥಾಪಕರ ಕಥೆ ಹೇಳುವ ಪಾಠವನ್ನು ನೀವು ಒಪ್ಪಬೇಡಿ. ಇದೊಂದನ್ನೇ ಹೇಳಿ ಪುಸ್ತಕ ಮುಚ್ಚುವ ಪಾಠವನ್ನೂ ಒಪ್ಪಬೇಡಿ, ಏಕೆಂದರೆ ಆಗ ಬಾರ್ಬರಾ ಜಾನ್ಸ್ ಸಿಗುವುದಿಲ್ಲ.

ವರ್ಜೀನಿಯಾದ ಫಾರ್ಮ್‌ವಿಲ್ ಎಂಬ ಸಣ್ಣ ಊರು, 1951. ಕಪ್ಪು ಮಕ್ಕಳ ಮೋಟನ್ ಹೈಸ್ಕೂಲಿನ ಕಟ್ಟಡ 180 ಜನರಿಗೆ ಕಟ್ಟಿದ್ದು, ಓದುತ್ತಿದ್ದವರು 450ಕ್ಕೂ ಹೆಚ್ಚು. ಉಳಿದವರಿಗೆ ಟಾರು ಕಾಗದ ಹೊದಿಸಿದ ಶೆಡ್ಡುಗಳು. ಏಪ್ರಿಲ್ 23ರಂದು ಹದಿನಾರರ ಬಾರ್ಬರಾ ಮತ್ತು ಗೆಳೆಯರು ಒಂದು ಉಪಾಯ ಹೂಡಿದರು. ನಿಮ್ಮ ಹುಡುಗರು ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸುಳ್ಳು ಫೋನು ಮಾಡಿಸಿ ಮುಖ್ಯೋಪಾಧ್ಯಾಯರನ್ನು ಊರೊಳಗೆ ಓಡಿಸಿದರು. ಸಭೆ ಇದೆ ಎಂದು ಅವರ ಹೆಸರಿನಲ್ಲೇ ತರಗತಿಗಳಿಗೆ ಚೀಟಿ ಹೋಯಿತು. ಎಲ್ಲರೂ ಬಂದು ಕೂತ ಮೇಲೆ ಪರದೆ ಸರಿಯಿತು. ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯರಲ್ಲ, ಬಾರ್ಬರಾ. ಶಿಕ್ಷಕರನ್ನು ಹೊರಗಿರಲು ಹೇಳಿ ಮಾತಾಡಿದಳು. ಶಾಲೆಗೆ ಶಾಲೆಯೇ ಹೊರನಡೆಯಿತು. ಮಕ್ಕಳು ವಕೀಲರಿಗೆ ಪತ್ರ ಬರೆದರು. ಒಳ್ಳೆಯ ಕಟ್ಟಡ ಕೇಳಿದ ಮಕ್ಕಳಿಗೆ ವಕೀಲರು, ಕಟ್ಟಡಕ್ಕಲ್ಲ, ಬಣ್ಣದ ಮೇಲೆ ಶಾಲೆಗಳನ್ನು ಬೇರೆ ಮಾಡುವುದರ ವಿರುದ್ಧವೇ ಹೋರಾಡುವುದಾದರೆ ಬರುತ್ತೇವೆ ಎಂದರು. ಮಕ್ಕಳು ಹೂಂ ಅಂದರು. ಆ ಮೊಕದ್ದಮೆ ಇಂಥದೇ ಬೇರೆ ಮೊಕದ್ದಮೆಗಳ ಜೊತೆ ಬ್ರೌನ್ ಎಂಬ ಹೆಸರಿನ ಪ್ರಕರಣದಲ್ಲಿ ಸೇರಿ, 1954ರ ಮೇ 17ರಂದು ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂದಿತು. ಕೌಂಟಿಯವರು ಸುಮ್ಮನಿರಲಿಲ್ಲ. ಜೊತೆಗೆ ಓದಿಸುವ ಬದಲು 1959ರಿಂದ ಐದು ವರ್ಷ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಗೆಲುವಿನ ಬೆನ್ನಿಗೇ ಇಂಥ ಹೊಡೆತ ಬರುತ್ತದೆ ಎನ್ನುವುದೂ ಪಾಠದ ಭಾಗ.

ಬಾರ್ಬರಾಗೆ ಮತದಾನದ ವಯಸ್ಸಾಗಿರಲಿಲ್ಲ. ವಿಯೆಟ್ನಾಂ ಯುದ್ಧ ಬೇಡವೆಂದು 1965ರಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿ ಅಮಾನತಾದ ಮೇರಿ ಬೆತ್ ಟಿಂಕರ್‌ಗೆ ಹದಿಮೂರು. ಶಾಲೆಯ ಗೇಟಿನಲ್ಲಿ ವಿದ್ಯಾರ್ಥಿಯ ವಾಕ್ ಸ್ವಾತಂತ್ರ್ಯ ಕಳೆದುಹೋಗುವುದಿಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟು ಅವಳ ಪರ ತೀರ್ಪು ಕೊಟ್ಟಿತು. ಅದೇ ಯುದ್ಧಕ್ಕೆ 18ಕ್ಕೇ ಕಳಿಸುತ್ತೀರಿ, ಮತ ಮಾತ್ರ 21ಕ್ಕೇ ಎಂದು ಯುವಕರು ಕೇಳಿದ ಪ್ರಶ್ನೆಗೆ 1971ರಲ್ಲಿ 26ನೇ ತಿದ್ದುಪಡಿ ಉತ್ತರವಾಯಿತು. ನಮ್ಮಲ್ಲಿ 18ಕ್ಕೆ ಮತ ಬಂದದ್ದು 1989ರಲ್ಲಿ.

ಪರದೇಶದ ಸಂವಿಧಾನ ನಮಗೇಕೆ ಎನ್ನುವವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರನ್ನು ನೆನೆಯಬೇಕು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯಬದ್ಧ ಪ್ರಕ್ರಿಯೆ ಎಂಬ ಅಲ್ಲಿನ ಮಾತನ್ನು ಇಲ್ಲಿಗೆ ತರಬೇಡಿ, ಜನರು ಆರಿಸಿದ ಸಭೆಯ ಮೇಲೆ ನ್ಯಾಯಾಧೀಶರಿಗೆ ಅದು ಅತಿಯಾದ ಅಧಿಕಾರ ಕೊಡುತ್ತದೆ ಎಂಬ ಸಲಹೆ ಸಿಕ್ಕಿತು. ಬೇಕರಿ ಕೆಲಸಗಾರರ ದುಡಿಮೆಯ ಗಂಟೆಗೆ ಮಿತಿ ಹಾಕಿದ ನ್ಯೂಯಾರ್ಕಿನ ಕಾನೂನನ್ನು 1905ರಲ್ಲಿ ಅಲ್ಲಿನ ಕೋರ್ಟು ಹೊಡೆದುಹಾಕಿದ್ದು ಆ ಮಾತಿನ ಬಲದಿಂದಲೇ. ಹಾಗಾಗಿ ಜೀವ, ಸ್ವಾತಂತ್ರ್ಯದ ಹಕ್ಕು ಹೇಳುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಅದು ಇಲ್ಲ. ಮೂವತ್ತು ವರ್ಷದ ಮೇಲೆ, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಪ್ರಕ್ರಿಯೆ ನ್ಯಾಯಯುತವಾಗಿರಲೇಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿ ಅದನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿತು. ರಾಯರು ಓದಿದ್ದು ಹೀಗೆ, ಯಾವುದನ್ನು ತರಬೇಕು, ಯಾವುದನ್ನು ಅಲ್ಲೇ ಬಿಟ್ಟುಬರಬೇಕು ಎಂದು ತೂಗಿ. ನೀವೂ ಹಾಗೇ ಓದಿ. ಅಮೆರಿಕದ ಮೂಲ ಸಂವಿಧಾನ ನಾಲ್ಕು ಚರ್ಮದ ಹಾಳೆ, ಏಳು ವಿಧಿ. ಒಂದು ಸಂಜೆಗೆ ಮುಗಿಯುತ್ತದೆ. ಪಕ್ಕದಲ್ಲಿ ನಮ್ಮದನ್ನೂ ತೆರೆದಿಟ್ಟುಕೊಂಡರೆ ಒಂದು ವರ್ಷದ ಜಗಳಕ್ಕೆ ಸಾಮಗ್ರಿ ಸಿಗುತ್ತದೆ.

ಅಲ್ಲೇ ಬೆಳೆಯುತ್ತಿರುವವರು ಇನ್ನೊಂದು ಹೆಜ್ಜೆ ಮುಂದೆ ಇಡಿ. ಹದಿನೆಂಟು ತುಂಬಲಿ ಎಂದು ಕಾಯಬೇಡಿ. ಅನೇಕ ರಾಜ್ಯಗಳಲ್ಲಿ ಹದಿನಾರು, ಹದಿನೇಳಕ್ಕೇ ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ಮೇರಿಲ್ಯಾಂಡಿನ ಟಕೋಮಾ ಪಾರ್ಕ್ ನಗರದಲ್ಲಿ 2013ರಿಂದ ನಗರಸಭೆ ಚುನಾವಣೆಗೆ ಹದಿನಾರಕ್ಕೇ ಮತವಿದೆ. ನಿಮ್ಮ ಊರಿನ ಸ್ಕೂಲ್ ಬೋರ್ಡಿನ ಮುಂದಿನ ಸಭೆ ಯಾವತ್ತು ಎಂದು ಇವತ್ತೇ ನೋಡಿ. ಬಸ್ಸಿನ ಸಮಯವೋ, ಲೈಬ್ರರಿಯ ಪುಸ್ತಕವೋ, ಕ್ಯಾಂಟೀನಿನ ಸಸ್ಯಾಹಾರವೋ, ನಿಮ್ಮನ್ನು ಕಾಡುವ ಒಂದೇ ವಿಷಯ ಹಿಡಿಯಿರಿ. ಆ ವಿಷಯದಲ್ಲಿ ತೀರ್ಮಾನ ಮಾಡುವ ಅಧಿಕಾರ ಯಾರಿಗಿದೆ, ಹಣ ಯಾವ ಲೆಕ್ಕದಿಂದ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಸಾರ್ವಜನಿಕರಿಗೆ ಸಿಗುವ ಎರಡು ಮೂರು ನಿಮಿಷಕ್ಕೆ ಸರಿಯಾಗಿ ಮಾತು ಬರೆದುಕೊಂಡು, ಅಪ್ಪನ ಕಾರು ಸಿಗದಿದ್ದರೆ ಸೈಕಲ್ ಹತ್ತಿ ಹೋಗಿ. ಮೊದಲ ಸಲ ಗಂಟಲು ಒಣಗುತ್ತದೆ, ಯಾರೋ ಫೋನು ನೋಡುತ್ತಿರುತ್ತಾರೆ. ಮುಂದಿನ ತಿಂಗಳು ಮತ್ತೆ ಹೋಗಿ, ಇಬ್ಬರು ಗೆಳೆಯರನ್ನು ಕರೆದುಕೊಂಡು. ಮೂರನೇ ಸಲಕ್ಕೆ ಬೋರ್ಡಿನ ಅಧ್ಯಕ್ಷರೇ ನಿಮ್ಮ ಹೆಸರನ್ನು ತಪ್ಪು ತಪ್ಪಾಗಿ ಕರೆಯುತ್ತಾರೆ. ತಿದ್ದಿ ಹೇಳಿಕೊಟ್ಟು, ಮಾತು ಶುರುಮಾಡಿ.